ಹಳಿ ಹೋಗಿ ಹಾದಿ ಬಂತು

ಷಿಕಾಗೋ ಹೊರವಲಯದಲ್ಲಿ ವಾರಾಂತ್ಯಕ್ಕೆ ನಾನು ಸೈಕಲ್ ತುಳಿಯೋ 'ಇಲಿನಾಯ್ ಪ್ರೇರಿ ಪಾತ್' ಯಾಕಿಷ್ಟು ಸಪಾಟು ಅಂತ ಯೋಚಿಸ್ತಿದ್ದೆ. ಗುಟ್ಟು ಸಿಕ್ತು: ಇದು ಹಳೇ ರೈಲು ದಾರಿ!

ಷಿಕಾಗೋ-ಅರೋರಾ-ಎಲ್ಜಿನ್ ವಿದ್ಯುತ್ ರೈಲು ಇಲ್ಲಿ ಓಡ್ತಿತ್ತು. 1953ರಲ್ಲಿ ಎಕ್ಸ್‌ಪ್ರೆಸ್‌ವೇ ಕಾಮಗಾರಿಯಿಂದ ನಗರದ ಮಧ್ಯಕ್ಕೆ ಹೋಗುವ ನೇರ ಸಂಪರ್ಕ ತಪ್ಪಿತು. ಜನರೂ ಕಾರು ಹಿಡಿದರು. 1957ರ ಜುಲೈ 3ರ ಮಧ್ಯಾಹ್ನ ಪ್ರಯಾಣಿಕರ ರೈಲು ದಿಢೀರನೆ ನಿಂತೇಬಿಟ್ಟಿತು. ಬೆಳಿಗ್ಗೆ ಅದರಲ್ಲೇ ಕೆಲಸಕ್ಕೆ ಹೋದವರಿಗೆ ಸಂಜೆ ವಾಪಸ್ ಬರೋಕೆ ರೈಲೇ ಇಲ್ಲ!

1963ರಲ್ಲಿ ಮೇ ವಾಟ್ಸ್ ಎಂಬ ನಿಸರ್ಗ ತಜ್ಞೆ, ಬುಲ್ಡೋಜರ್ ಬರುವ ಮೊದಲು ಇದನ್ನು ಕಾಲುದಾರಿ ಮಾಡೋಣ ಅಂತ ಷಿಕಾಗೋ ಟ್ರಿಬ್ಯೂನ್‌ಗೆ ಪತ್ರ ಬರೆದರು. ಈಗ ಅದು ಸುಮಾರು 98 ಕಿ.ಮೀ. ಹಾದಿ.

ತುಂಡುತುಂಡಾಗಿ ಮಾರಿಹೋಗಿದ್ದರೆ ಮತ್ತೆ ಯಾರು ಜೋಡಿಸ್ತಿದ್ದರು, ಹೇಳಿ?