ವಿಶ್ವವಿದ್ಯಾಲಯದಲ್ಲಿ ಧ್ಯಾನದ ಅಧ್ಯಯನ: ಕರಾವಳಿಯ ವಿದ್ಯಾರ್ಥಿಗಳಿಗೊಂದು ಕೈದೀವಿಗೆ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಿಂದ ಶ್ರೀಮಠಕ್ಕೆ ಬರುವ ತರುಣ ತರುಣಿಯರಲ್ಲಿ ಕೆಲವರು ಎರಡು ಪ್ರಶ್ನೆಗಳನ್ನು ಕೇಳುವುದುಂಟು: ಧ್ಯಾನವನ್ನು ವಿಶ್ವವಿದ್ಯಾಲಯದಲ್ಲಿ ಕಲಿಯಬಹುದೆ? ಕಲಿತರೆ ಅದರಿಂದ ಜೀವನ ಸಾಗೀತೆ? ಮಕ್ಕಳ ಮುಂದಿನ ದಾರಿಯನ್ನು ಕುರಿತು ಯೋಚಿಸುವ ತಂದೆತಾಯಿಗಳಿಗೂ ಇವೇ ಪ್ರಶ್ನೆಗಳು. ಅವರೆಲ್ಲರ ಅನುಕೂಲಕ್ಕಾಗಿ ಈ ವಿಷಯವನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಪದ ಮತ್ತು ಅರ್ಥ

ಇಂದು ಶಿಕ್ಷಣ ಕ್ಷೇತ್ರದಲ್ಲಿ 'ಮೈಂಡ್‌ಫುಲ್‌ನೆಸ್' ಎಂಬ ಹೆಸರಿನಿಂದ ಪ್ರಚಲಿತವಾಗಿರುವ ಪರಿಕಲ್ಪನೆಯ ಮೂಲ ಬೌದ್ಧ ಪರಂಪರೆಯ 'ಸತಿ' ಎಂಬ ಪಾಲಿ ಶಬ್ದ. ಸಂಸ್ಕೃತದಲ್ಲಿ ಅದು 'ಸ್ಮೃತಿ'. ಕನ್ನಡದ 'ಎಚ್ಚರ', 'ನೆನಹು' ಎಂಬ ಪದಗಳು ಇದಕ್ಕೆ ಸಮೀಪವಾಗಿವೆ. ಶರಣರ 'ಅರಿವು' ಮಾತ್ರ ಇದಕ್ಕಿಂತ ವಿಸ್ತಾರವಾದುದು. ಅದು ಮನಸ್ಸಿನ ಏಕಾಗ್ರತೆಯಲ್ಲಿ ನಿಲ್ಲದೆ ಆಚಾರವಾಗಿ ಹರಿಯಬೇಕೆಂಬುದು ಶರಣಧರ್ಮದ ನಿಲುವು.

ಆಧುನಿಕ ಅಧ್ಯಯನದ ಆರಂಭ

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಟ್-ಜಿನ್ ಅವರು, ದೀರ್ಘಕಾಲದ ನೋವು ಮತ್ತು ಒತ್ತಡದಿಂದ ಬಳಲುವ ರೋಗಿಗಳಿಗಾಗಿ ಎಂಟು ವಾರಗಳ ತರಬೇತಿಯನ್ನು ರೂಪಿಸಿದರು. ಉಸಿರಾಟದ ಮೇಲೆ ಗಮನ, ದೇಹದ ಒಂದೊಂದೇ ಭಾಗವನ್ನು ಮನಸ್ಸಿನಿಂದ ಗಮನಿಸುವುದು, ಸರಳ ಆಸನಗಳು ಅದರ ಅಂಗಗಳು. ಬೌದ್ಧ ಧ್ಯಾನ ಮತ್ತು ಹಠಯೋಗಗಳಿಂದ ಎತ್ತಿಕೊಂಡ ಕ್ರಮವನ್ನು ಅವರು ಮತೀಯ ಆವರಣವಿಲ್ಲದೆ ಆಸ್ಪತ್ರೆಗೆ ತಂದರು. ಅನಂತರ ಇಂಗ್ಲೆಂಡಿನ ಆಕ್ಸ್‌ಫರ್ಡ್, ವೇಲ್ಸ್‌ನ ಬ್ಯಾಂಗರ್ ಮೊದಲಾದ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯದ ಬೋಧನೆ, ಸಂಶೋಧನೆಗಳು ನೆಲೆಗೊಂಡವು.

ಕರ್ನಾಟಕದಲ್ಲಿ ಇರುವ ಅವಕಾಶಗಳು

ನಮ್ಮಲ್ಲಿ ಈ ಅಧ್ಯಯನ ಹೆಚ್ಚಾಗಿ ಯೋಗವಿಜ್ಞಾನದ ಹೆಸರಿನಲ್ಲಿ ನಡೆಯುತ್ತದೆ. ಮಂಗಳೂರಿನ ಸಮೀಪ ಕೊಣಾಜೆಯ ಮಂಗಳಗಂಗೋತ್ರಿಯಲ್ಲಿರುವ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಮಾನವ ಪ್ರಜ್ಞೆ ಮತ್ತು ಯೋಗವಿಜ್ಞಾನಕ್ಕೆಂದೇ ಒಂದು ವಿಭಾಗವಿದೆ. ಬೆಂಗಳೂರು ಬಳಿಯ ಜಿಗಣಿಯಲ್ಲಿರುವ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನವು 2002ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಯೋಗವು ಮನೋರೋಗ ಚಿಕಿತ್ಸೆಗೆ ಹೇಗೆ ಪೂರಕವಾಗಬಲ್ಲುದೆಂಬ ಸಂಶೋಧನೆ ನಡೆಯುತ್ತಿದೆ. ದ್ವಿತೀಯ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗವಿಜ್ಞಾನದ ಪದವಿಯೂ ಇದೆ. ಅದು ತರಬೇತಿಯ ಒಂದು ವರ್ಷವೂ ಸೇರಿ ಐದೂವರೆ ವರ್ಷಗಳದು. 2017ರಿಂದ ಯೋಗವು ಅಧ್ಯಾಪಕ ಅರ್ಹತೆಯ ರಾಷ್ಟ್ರೀಯ ಪರೀಕ್ಷೆಯ ವಿಷಯವೂ ಆಗಿದೆ.

ಉತ್ತರ ಕನ್ನಡದ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. ಮನಶ್ಶಾಸ್ತ್ರ ಅಥವಾ ತತ್ತ್ವಶಾಸ್ತ್ರದ ಮೂಲಕ ಈ ವಿಷಯವನ್ನು ಪ್ರವೇಶಿಸಬಯಸುವವರಿಗೆ ಘಟ್ಟದ ಮೇಲಣ ಧಾರವಾಡ ಸಹಜವಾದ ದಾರಿ. ಯೋಗವಿಜ್ಞಾನವನ್ನೇ ಆರಿಸಿಕೊಳ್ಳುವವರಿಗೆ ಕೊಂಕಣ ರೈಲು ಮಾರ್ಗದಿಂದಾಗಿ ಮಂಗಳೂರು ದೂರವೇನಲ್ಲ.

ಶರಣ ಸಾಹಿತ್ಯ ಮತ್ತು ಶಿವಯೋಗ

ಧ್ಯಾನದ ಅಧ್ಯಯನಕ್ಕೆ ಕನ್ನಡದಲ್ಲಿಯೇ ಅಪಾರವಾದ ಆಕರವಿದೆ. ಅಲ್ಲಮಪ್ರಭುವನ್ನು ಕೇಂದ್ರವಾಗಿರಿಸಿಕೊಂಡು ಶರಣರ ಸಂವಾದಗಳನ್ನು ಹೆಣೆದ 'ಶೂನ್ಯಸಂಪಾದನೆ'ಯನ್ನು ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರ ಅವಧಿಯಲ್ಲಿ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದಿತು. ಡಾ. ಶಿ. ಚೆ. ನಂದೀಮಠ, ಡಾ. ಆರ್. ಸಿ. ಹಿರೇಮಠ, ಪ್ರೊ. ಸಂ. ಶಿ. ಭೂಸನೂರಮಠ ಮೊದಲಾದ ವಿದ್ವಾಂಸರು ಆ ಕಾರ್ಯದಲ್ಲಿ ತೊಡಗಿದ್ದರು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳು ಸಾಧಕನ ಅಂತರಂಗದ ಬೆಳವಣಿಗೆಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋರುತ್ತವೆ. ಇಷ್ಟಲಿಂಗವನ್ನು ಎಡಗೈಯ ಕರಸ್ಥಲದಲ್ಲಿ ಇರಿಸಿಕೊಂಡು, ಅರೆತೆರೆದ ಕಣ್ಣಿನಿಂದ ದೃಷ್ಟಿಯನ್ನು ಅದರಲ್ಲಿ ನೆಲೆಗೊಳಿಸುವುದು ಶಿವಯೋಗದ ಕ್ರಮ. ಷಟ್‌ಸ್ಥಲ ಚಕ್ರವರ್ತಿ ಚೆನ್ನಬಸವಣ್ಣನವರ ಐಕ್ಯಸ್ಥಳವಾದ ಉಳವಿ ನಮ್ಮದೇ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿದೆ.

ಈ ನೆಲದಲ್ಲಿ ಧ್ಯಾನ ಯಾವುದೋ ಒಂದೇ ಪಂಥದ ಸೊತ್ತಾಗಿರಲಿಲ್ಲ. ಕುಮಟಾ ತಾಲ್ಲೂಕಿನ ಗೋಕರ್ಣ ಶೈವಕ್ಷೇತ್ರ. ಭಟ್ಕಳ ತಾಲ್ಲೂಕಿನ ಹಾಡುವಳ್ಳಿ, ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆ ಜೈನರ ನೆಲೆಗಳು. ಮೌನವಾಗಿ ಕುಳಿತು ತನ್ನನ್ನು ತಾನು ನೋಡಿಕೊಳ್ಳುವ ಕ್ರಮ ಎಲ್ಲ ಪರಂಪರೆಗಳಲ್ಲಿಯೂ ಇದೆ. ಅವುಗಳನ್ನು ಗೌರವದಿಂದ ಹೋಲಿಸಿ ಓದುವುದಕ್ಕೆ ವಿಶ್ವವಿದ್ಯಾಲಯ ಯೋಗ್ಯವಾದ ಸ್ಥಳ.

ಗಮನಿಸಬೇಕಾದ ಸಂಗತಿಗಳು

ಪ್ರವೇಶ ಪಡೆಯುವ ಮುನ್ನ ಆ ಪದವಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನ್ಯತೆ ಇದೆಯೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಅಧ್ಯಾಪಕರು ಸ್ವತಃ ನಿತ್ಯಾಭ್ಯಾಸಿಗಳೆ ಎಂದು ವಿಚಾರಿಸಬೇಕು. ಕೆಲವು ವಾರಗಳ ಪ್ರಮಾಣಪತ್ರ ಪಡೆದವರು ಚಿಕಿತ್ಸಕರಾಗುವುದಿಲ್ಲ. ಉದ್ಯೋಗದ ದಾರಿ ಇಲ್ಲದಿಲ್ಲವಾದರೂ ಅದು ವಿಶಾಲವಲ್ಲ. ಶಿಕ್ಷಣ, ಆರೋಗ್ಯ, ಆಪ್ತಸಮಾಲೋಚನೆಯ ಅರ್ಹತೆಯೊಂದನ್ನು ಜೊತೆಗೂಡಿಸಿಕೊಳ್ಳುವುದು ವಿವೇಕ.

ಮುಖ್ಯವಾದ ಮತ್ತೊಂದು ಮಾತು: ಧ್ಯಾನ ಔಷಧಕ್ಕೆ ಬದಲಿಯಲ್ಲ. ತೀವ್ರ ಖಿನ್ನತೆ, ನಿದ್ರಾಹೀನತೆ, ಭ್ರಮೆಗಳಿಂದ ನರಳುವವರನ್ನು 'ಪೂಜೆಗೆ ಕುಳಿತರೆ ಸರಿಹೋಗುತ್ತದೆ' ಎಂದು ಮನೆಯಲ್ಲಿ ಕೂರಿಸುವುದು ತಪ್ಪು. ಅಂಥವರು ಮೊದಲು ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಉಪಸಂಹಾರ

ವಿಶ್ವವಿದ್ಯಾಲಯವು ಧ್ಯಾನದ ಇತಿಹಾಸವನ್ನು ತಿಳಿಸೀತು, ಪರಿಣಾಮವನ್ನು ಅಳೆದೀತು, ಪ್ರಶ್ನಿಸುವುದನ್ನು ಕಲಿಸೀತು. ಶ್ರದ್ಧೆಯನ್ನು ಪ್ರಶ್ನಿಸಿದರೆ ಅದು ಕೆಡುತ್ತದೆಂಬ ಭಯ ಬೇಡ. ಅನುಭವ ಮಂಟಪದಲ್ಲಿ ಶರಣರು ಒಬ್ಬರನ್ನೊಬ್ಬರು ಪ್ರಶ್ನಿಸಿಯೇ ಅರಿವನ್ನು ಸಾಣೆ ಹಿಡಿದರು. ಆದರೆ ದೀಕ್ಷೆಯನ್ನಾಗಲಿ, ಅನುಭಾವವನ್ನಾಗಲಿ ಯಾವ ಪದವಿಯೂ ಕೊಡಲಾರದು. ಓದಲು ಹೊರಟ ಮಗಳು ಪುಸ್ತಕಗಳೊಡನೆ ಕರಡಿಗೆಯಲ್ಲಿರುವ ಇಷ್ಟಲಿಂಗವನ್ನೂ ಕೊಂಡೊಯ್ಯಲಿ, ದಿನಕ್ಕೆ ಅರ್ಧ ಗಂಟೆಯಾದರೂ ಅದರ ಮುಂದೆ ಕುಳಿತಿರಲಿ. ಹಾಗಾದಾಗ ಓದು ಆಚಾರಕ್ಕೆ ಇಳಿದೀತು.