ಚಾಸಿ ಬದಲಿಸಿದ್ರೆ ಅದು ಅದೇ ಜೀಪಾ?

ಮಳೆ ಬಿಟ್ಟ ಮೇಲೆ ಅಪ್ಪನ ಕಾಲದ ಜೀಪನ್ನ ಶೆಡ್ಡಿಂದ ಹೊರಗೆ ಎಳೆಸಿ ಬಾಡಿ ಬಿಚ್ಚಿಸಿದೆ. 1967ರ ಸಿಜೆ-3ಬಿ. ಹಿಂದಿನ ಸ್ಪ್ರಿಂಗ್ ಹ್ಯಾಂಗರ್ ಹತ್ರ ಸ್ಕ್ರೂಡ್ರೈವರ್ ಚುಚ್ಚಿದ್ರೆ ಕೆಸುವಿನ ಗೆಡ್ಡೆಗೆ ಚುಚ್ಚಿದ ಹಾಗೆ ಒಳಗೇ ಹೋಯ್ತು. ಮೇಸ್ತ್ರಿ ಒಂದೇ ಮಾತು ಹೇಳಿದ: "ಅಣ್ಣಾ, ಇದಕ್ಕೆ ತೇಪೆ ಹಾಕೋ ಬದಲು ಚಾಸಿನೇ ಬದಲಿಸಿಬಿಡಿ." ನಾನು ಹೂಂ ಅನ್ನಲಿಲ್ಲ. ಆಮೇಲೆ ವಾರಗಟ್ಟಲೆ ರಾತ್ರಿ ಕೂತು ಈ ಚಾಸಿಯ ಕಥೆ ಓದಿದೆ. ನಮ್ಮ ಕಡೆ ಇನ್ನೂ ಸುಮಾರು ಮನೆಗಳಲ್ಲಿ ಹಳೇ ಜೀಪು ನಿಂತಿರೋದ್ರಿಂದ ಇಲ್ಲಿ ಬರೀತಾ ಇದೀನಿ.

ಮೊದಲ ಜೀಪು ಕಟ್ಟಿದ್ದು ವಿಲ್ಲೀಸೂ ಅಲ್ಲ, ಫೋರ್ಡೂ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಬಟ್ಲರ್ ಅನ್ನೋ ಊರಿನ ಬ್ಯಾಂಟಮ್ ಅನ್ನೋ ಸಣ್ಣ ಕಂಪನಿ, 1940ರಲ್ಲಿ. ಸೈನ್ಯ ಕೊಟ್ಟಿದ್ದು 49 ದಿನದ ಗಡುವು. ನಕ್ಷೆ ಬರೆದವರು ಕಾರ್ಲ್ ಪ್ರಾಬ್ಸ್ಟ್. ಕೆಲಸ ಗೆದ್ದರೂ ದೊಡ್ಡ ಆರ್ಡರ್ ಸಿಕ್ಕಿದ್ದು ವಿಲ್ಲೀಸ್ ಮತ್ತು ಫೋರ್ಡಿಗೆ. ವಿಲ್ಲೀಸ್ ಎಂಬಿ, ಫೋರ್ಡ್ ಜಿಪಿಡಬ್ಲ್ಯೂ ಎರಡೂ ಒಂದೇ ನಮೂನೆ, ಇದರ ಬಿಡಿಭಾಗ ಅದಕ್ಕೆ ಕೂರಬೇಕು ಅಂತಲೇ ಮಾಡಿದ್ದು. ಯುದ್ಧದಲ್ಲಿ ಒಂದರ ಎಂಜಿನ್, ಇನ್ನೊಂದರ ಬಾಡಿ ಸೇರಿಸಿ ಓಡಿಸಿದ್ದೇ ಹೆಚ್ಚು. ಹಾಗಾದ್ರೆ ಯಾವುದು ಯಾವುದು ಅಂತ ಗೊತ್ತಾಗೋದು ಹೇಗೆ? ರೇಡಿಯೇಟರ್ ಕೆಳಗೆ ಬಗ್ಗಿ ನೋಡಬೇಕು. ಮುಂದಿನ ಅಡ್ಡಪಟ್ಟಿ ದುಂಡನೆ ಪೈಪಾದ್ರೆ ವಿಲ್ಲೀಸ್, ಬೋರಲು ಹಾಕಿದ ತೊಟ್ಟಿ ಹಾಗಿದ್ರೆ ಫೋರ್ಡ್. ಬಾನೆಟ್ಟು, ಎಂಜಿನ್ನು ಏನೇ ಹೇಳಲಿ, ಗಾಡಿಯ ಜಾತಕ ಇರೋದು ಚಾಸಿಯಲ್ಲೇ.

ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ತಮ್ಮ ಆಂಗಲ್ಸಿ ದ್ವೀಪದ ಜಮೀನಿಗೆ ಒಂದು ಹಳೇ ಜೀಪು ಇಟ್ಕೊಂಡಿದ್ರು. ಅದು ಕೆಟ್ಟರೆ ಅದರ ಜಾಗಕ್ಕೆ ಇನ್ನೇನು ಅಂತ ಯೋಚಿಸಿದ್ದರಿಂದ ಹುಟ್ಟಿದ್ದು ಲ್ಯಾಂಡ್ ರೋವರ್. ರೈತನಿಗೆ ಅಂತಲೇ ಮಾಡಿದ ಗಾಡಿ. ಯಂತ್ರ ತಿರುಗಿಸೋಕೆ ಪಿಟಿಓ ಕೂಡ ಹಾಕಿಸಬಹುದಿತ್ತು. 1947ರ ಮೊದಲ ಪ್ರಯೋಗದ ಗಾಡಿ ನಿಂತಿದ್ದು ಜೀಪಿನ ಚಾಸಿ ಮೇಲೇ! 1948ರ ಏಪ್ರಿಲ್ 30ಕ್ಕೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸ್ವಂತ ಚಾಸಿಯ ಗಾಡಿ ತೋರಿಸಿದ್ರು.

ಆಗ ಅಲ್ಲಿ ಕಬ್ಬಿಣಕ್ಕೆ ರೇಷನ್. ಹಾಗಾಗಿ ಬಾಡಿ ಅಲ್ಯೂಮಿನಿಯಂ ಮಿಶ್ರಲೋಹದ್ದು. ಚಾಸಿ ಒತ್ತೋ ದೊಡ್ಡ ಅಚ್ಚಿಗೆ ದುಡ್ಡು ಹಾಕೋ ಬದಲು ನಾಲ್ಕು ಚಪ್ಪಟೆ ಪಟ್ಟಿ ಕತ್ತರಿಸಿ, ಪೆಟ್ಟಿಗೆ ಹಾಗೆ ವೆಲ್ಡ್ ಮಾಡಿದ್ರು. ಉಪಾಯ ಒಳ್ಳೇದೇ. ಆದ್ರೆ ಪೆಟ್ಟಿಗೆ ಒಳಗೆ ಹೋದ ನೀರು, ಕೆಸರು ಹೊರಗೆ ಬರಲ್ಲ. ಮೇಲಿಂದ ಬಣ್ಣ ಚೆನ್ನಾಗೇ ಕಾಣುತ್ತೆ, ಒಳಗೆ ಗೆದ್ದಲು ತಿಂದ ತೊಲೆ. ಬಾಡಿಗೆ ತುಕ್ಕಿಲ್ಲ, ಎಲುಬು ಮಾತ್ರ ಪುಡಿ. ಆದ್ದರಿಂದ ಬ್ರಿಟನ್ನಿನಲ್ಲಿ ಹಳೇ ಲ್ಯಾಂಡ್ ರೋವರ್ ಸರಿ ಮಾಡೋದು ಅಂದ್ರೆ ಚಾಸಿ ಬದಲಿಸೋದು ಮಾಮೂಲು; ಸತು ಲೇಪಿಸಿದ ಹೊಸ ಚಾಸಿ ಈಗಲೂ ಮಾಡಿ ಮಾರ್ತಾರೆ. ಅಲ್ಲಿನ ಸಾರಿಗೆ ಇಲಾಖೆ ಬಹುಕಾಲ ಅಂಕದ ಲೆಕ್ಕ ಇಟ್ಟಿತ್ತು: ಹಳೇ ನಂಬರ್ ಉಳೀಬೇಕಾದ್ರೆ 8 ಅಂಕ ಬೇಕು. ಮೂಲ ಚಾಸಿಗೆ, ಇಲ್ಲಾ ಅದೇ ಅಳತೆಯ ಹೊಸದಕ್ಕೆ 5. ಎಂಜಿನ್‌ಗೆ? ಬರೀ 1.

ನಮ್ಮ ಜೀಪು ಇದಕ್ಕೆ ಉಲ್ಟಾ. ಚಾಸಿ ತೆರೆದ ಸಿ ಚಾನಲ್, ಕೆಸರು ಕಣ್ಣಿಗೆ ಕಾಣುತ್ತೆ, ಪೈಪ್ ಹಿಡಿದ್ರೆ ತೊಳೆದು ಹೋಗುತ್ತೆ. ಮೊದಲು ಸಾಯೋದು ತಗಡಿನ ಬಾಡಿ. ಚಾಸಿ ಕೆಡೋದು ಎರಡು ತಗಡು ಒಂದರ ಮೇಲೊಂದು ಕೂತ ಕಡೆ, ಅಂದ್ರೆ ಹ್ಯಾಂಗರ್ ಬುಡ, ಹಿಂದಿನ ಅಡ್ಡಪಟ್ಟಿ. ಗೊಬ್ಬರ ಹೊತ್ತ ಗಾಡಿಯಾದ್ರೆ ಇನ್ನೂ ಬೇಗ. ನಿಮ್ಮದನ್ನೂ ಅಲ್ಲೇ ಚುಚ್ಚಿ ನೋಡಿ, ಮಾರಾಯ್ರೆ.

ಈಗ ಕಾಗದದ ಮಾತು. ನಮ್ಮಲ್ಲಿ ಅಂಕದ ಲೆಕ್ಕ ಇಲ್ಲ. ಆರ್‌ಸಿಯಲ್ಲಿರೋ ಚಾಸಿ ನಂಬರೇ ಗಾಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರಕ್ಕೂ ಗಾಡಿಗೂ ತಾಳೆ ತಪ್ಪೋ ಹಾಗೆ ಬದಲಾಯಿಸೋ ಹಾಗಿಲ್ಲ. ಹಳೇ ನಂಬರ್ ಇರೋ ತುಂಡು ಕೊಯ್ದು ಬೇರೆ ಚಾಸಿಗೆ ಅಂಟಿಸ್ತೀನಿ ಅನ್ನೋರೂ ಸಿಕ್ತಾರೆ. ಅದು ಕಳ್ಳ ಗಾಡಿಗೆ ಮಾಡೋ ಕೆಲಸ, ದಯವಿಟ್ಟು ಒಪ್ಪಬೇಡಿ. ಬದಲಿಸಲೇಬೇಕಾದ್ರೆ ಗ್ಯಾಸ್ ಕಟರ್ ಹಚ್ಚೋ ಮೊದಲೇ ಆರ್‌ಟಿಓಗೆ ಹೋಗಿ, ಆಮೇಲಲ್ಲ. 2021ರಲ್ಲಿ ಬಂದ ವಿಂಟೇಜ್ ನಿಯಮವೂ 50 ವರ್ಷ ದಾಟಿದ, ಚಾಸಿ ಮಾರ್ಪಾಡಾಗದೆ ಮೂಲ ರೂಪದಲ್ಲಿರೋ ಗಾಡಿಗೆ ಮಾತ್ರ. ಹಾಗಂತ ವಿಂಟೇಜ್ ಮಾಡಿಸಿದ್ರೆ ದಿನದ ಓಡಾಟಕ್ಕಿಲ್ಲ. ಸಂತೆಗೆ ಅಡಿಕೆ ಮೂಟೆ ಹೇರೋ ನಮಗೆ ಅದರಿಂದ ಏನು ಪ್ರಯೋಜನ?

ಇಷ್ಟೆಲ್ಲ ನೋಡಿ ನಾನು ಚಾಸಿ ಬದಲಿಸ್ತಾ ಇಲ್ಲ. ಕೊಳೆತಷ್ಟೇ ಕೊಯ್ದು, ಅದೇ ದಪ್ಪದ ತಗಡು ಬಗ್ಗಿಸಿ ಸೇರಿಸ್ತಾ ಇದೀವಿ. ಕೊಯ್ಯೋ ಮೊದಲು ಎರಡೂ ಹಳಿಗೆ ಅಡ್ಡ ಕಬ್ಬಿಣ ಬಿಗಿದು, ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ನೋಡಿದ್ವಿ. ಎರಡು ಕರ್ಣಕ್ಕೂ ಅರ್ಧ ಇಂಚು ವ್ಯತ್ಯಾಸ! ಅಪ್ಪ ಒಂದು ಸಲ ಹಳ್ಳಕ್ಕೆ ಇಳಿಸಿದ್ರಂತೆ, ಅಮ್ಮ ಈಗ ಬಾಯಿಬಿಟ್ರು. ಅದನ್ನ ಎಳೆದು ಸರಿ ಮಾಡಬೇಕು. ಯಾರ ಹತ್ರಾದ್ರೂ ಪೆಟ್ಟು ಬೀಳದ 3ಬಿ ಇದ್ರೆ ಹೇಳಿ, ಹ್ಯಾಂಗರ್‌ನಿಂದ ಹ್ಯಾಂಗರ್‌ಗೆ ಅಳತೆ ತಗೊಂಡು ಹೋಗ್ತೀನಿ. ಟೇಪ್ ನಾನೇ ತರ್ತೀನಿ.