ಸಾರ್ವಭೌಮ

ಸರ್ವ, ಭೂಮಿ ಎರಡೂ ಸೇರಿ ‘ಸರ್ವಭೂಮಿ’. ಅದಕ್ಕೆ ಒಡೆಯನಾದವನು ಸಾರ್ವಭೌಮ. ‘ಪೃಥಿವಿ’ಯಿಂದ ‘ಪಾರ್ಥಿವ’ ಆದ ಹಾಗೆಯೇ ಇದೂ. ಪಾಣಿನಿ ಇವೆರಡನ್ನೂ ಒಂದೇ ಸೂತ್ರದಲ್ಲಿ ಹೇಳಿದ್ದಾನೆ. ಉತ್ತರ ದಿಕ್ಕನ್ನು ಹೊತ್ತ ದಿಗ್ಗಜಕ್ಕೂ ಇದೇ ಹೆಸರು.

ಹಾಗಾಗಿ ಇದು ಮೂಲದಲ್ಲಿ ಚಕ್ರವರ್ತಿಯ ಪದ. ಭೂಮಿಯೆಲ್ಲ ತನ್ನದೆನ್ನುವವನ ಬಿರುದು. ಅದು ಪ್ರಜೆಗಳ ಪಾಲಿಗೆ ಬಂದದ್ದು ಸಂವಿಧಾನ ಸಭೆಯ ಕಾಲದಲ್ಲಿ. 1946ರ ಡಿಸೆಂಬರ್ 13ರಂದು ನೆಹರೂ ಮಂಡಿಸಿದ ಧ್ಯೇಯ ನಿರ್ಣಯ ಭಾರತವನ್ನು ಸ್ವತಂತ್ರ, ಸಾರ್ವಭೌಮ ಗಣರಾಜ್ಯವೆಂದು ಸಾರಲು ಹೊರಟಿತ್ತು. ಆಗಿನ್ನೂ ಬ್ರಿಟಿಷರು ಇಲ್ಲೇ ಇದ್ದರು! ಆ ಎದೆಗಾರಿಕೆ ನನಗೆ ಇಂದಿಗೂ ರೋಮಾಂಚನ ತರುತ್ತದೆ.

ಪದದ ನಿಜವಾದ ಪರೀಕ್ಷೆ ನಡೆದದ್ದು 1949ರ ಮೇ ತಿಂಗಳಲ್ಲಿ. ಭಾರತ ಕಾಮನ್‌ವೆಲ್ತ್‌ನಲ್ಲಿ ಉಳಿಯಬೇಕೆ, ಬ್ರಿಟನ್ನಿನ ದೊರೆಯನ್ನು ಅದರ ಮುಖ್ಯಸ್ಥನೆಂದು ಒಪ್ಪಬೇಕೆ ಎಂಬ ಚರ್ಚೆ. ಸಂವಿಧಾನ ಸಭೆಯ ಸದಸ್ಯ ಶಿಬ್ಬನ್ ಲಾಲ್ ಸಕ್ಸೇನಾ ಖಡಾಖಂಡಿತವಾಗಿ ವಿರೋಧಿಸಿದರು. ದೊರೆ ಬರೀ ಸಂಕೇತ, ಅವನಿಗೆ ನಮ್ಮ ಮೇಲೆ ಅಧಿಕಾರವಿಲ್ಲ ಎಂಬುದು ನೆಹರೂ ನಿಲುವು. ಸಭೆ ನೆಹರೂ ಪರ ನಿಂತಿತು. ಆದರೂ ಸಕ್ಸೇನಾ ಅವರಂಥವರು ತಡೆದು ಕೇಳಿದ್ದು ಒಳ್ಳೆಯದೇ ಆಯಿತು. ಸಾರ್ವಭೌಮತ್ವವೆಂದರೆ ಏನೆಂದು ಸರ್ಕಾರ ಸದನದಲ್ಲಿ ಬಿಡಿಸಿ ಹೇಳಬೇಕಾಯಿತು.

ಸಂವಿಧಾನದ ಹಿಂದಿ ಪೀಠಿಕೆಯಲ್ಲಿ ‘ಸಂಪೂರ್ಣ ಪ್ರಭುತ್ವಸಂಪನ್ನ’ ಎಂದಿದೆ. ಕನ್ನಡ ‘ಸಾರ್ವಭೌಮ’ವನ್ನೇ ಆರಿಸಿಕೊಂಡಿತು. ನನ್ನ ಕಿವಿಗೆ ಇದೇ ಹೆಚ್ಚು ಹಿತ. ನಟಸಾರ್ವಭೌಮ ಎಂದೊಡನೆ ರಾಜಕುಮಾರ್ ನೆನಪಾಗುವ ನಾಡಿನಲ್ಲಿ ಈ ಪದಕ್ಕೆ ಅರ್ಥ ಹೇಳಿಕೊಡಬೇಕಾಗಿಲ್ಲ.